ಕಾಲು ಮುರಿದರೆ ಬಾಯಿಗೇಕೆ ಪೈಪು?

‘ರೋಗನಿರೋಧಕ ಶಕ್ತಿ’ ಎಂಬ ಪದದ ಮೇಲೆ ನನಗೆ ಸಿಟ್ಟಿದೆ. ಆ ಪದ ಹೆಸರಿಸುವ ಸಂಗತಿಯನ್ನೇ ಐದು ವರ್ಷದಿಂದ ಓದುತ್ತಿದ್ದೇನೆ. ಪಿಎಚ್‌ಡಿ ಮುಗಿಯುವ ಹೊತ್ತಿಗೆ ಸಿಟ್ಟು ಇಳಿಯಬಹುದು ಅಂದುಕೊಂಡಿದ್ದೆ, ಇಳಿದಿಲ್ಲ. ಪದದ ಮೊದಲರ್ಧದ ಪ್ರಕಾರ ಮೈಯೊಳಗಿನ ಈ ಏರ್ಪಾಡು ಇರುವುದೇ ರೋಗವನ್ನು ತಡೆಯಲಿಕ್ಕೆ. ಉಳಿದರ್ಧದ ಪ್ರಕಾರ ಅದೊಂದು ಶಕ್ತಿ. ಶಕ್ತಿ ಅಂದ ಮೇಲೆ ತೋಳ್ಬಲದ ಹಾಗೆ, ಮೊಬೈಲಿನ ಚಾರ್ಜಿನ ಹಾಗೆ, ಹೆಚ್ಚಿದ್ದಷ್ಟೂ ಒಳ್ಳೆಯದು, ಕಡಿಮೆಯಾದರೆ ತುಂಬಿಸಿಕೊಳ್ಳಬೇಕು. ಮೊದಲನೆಯದು ಅರೆಸತ್ಯ. ಎರಡನೆಯದು ತಪ್ಪು, ಮತ್ತು ಆ ತಪ್ಪಿನ ಬೆಲೆಯನ್ನು ತೆರುವವರು ಪದ ಕಟ್ಟಿದವರಲ್ಲ.

ಪದದ ಬೆನ್ನಿಗೇ ಒಂದು ಸೈನ್ಯವೂ ಬರುತ್ತದೆ. ಶಾಲೆಯಲ್ಲಿ ಕೇಳಿದ್ದು ನಿಮಗೂ ನೆನಪಿರಬಹುದು. ದೇಹ ಒಂದು ಕೋಟೆ, ಚರ್ಮ ಅದರ ಗೋಡೆ, ಬಿಳಿ ರಕ್ತಕಣಗಳು ಸೈನಿಕರು, ರೋಗಾಣುಗಳು ಹೈದರಾಲಿಯ ದಂಡು. ನಮ್ಮ ಮೇಷ್ಟ್ರಂತೂ ಗಾಯವನ್ನು ಚಿತ್ರದುರ್ಗದ ಕಿಂಡಿಗೆ ಹೋಲಿಸಿ, ಒಂದೊಂದು ಬಿಳಿ ಕಣದ ಕೈಗೂ ಓಬವ್ವನ ಒನಕೆ ಕೊಟ್ಟಿದ್ದರು. ಚಂದದ ಪಾಠ, ಇಡೀ ತರಗತಿ ಕಣ್ಣರಳಿಸಿ ಕೇಳಿತ್ತು. ಆ ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಹನ್ನೆರಡು ವರ್ಷದ ಮಕ್ಕಳಿಗೆ ಹೇಳಿದ ಕತೆಯನ್ನೇ ದೊಡ್ಡವರಿಗೂ ಹೇಳುತ್ತಾ ಕೂತಿರುವ ನಮ್ಮ ಮೇಲೆ, ಅಂದರೆ ಕನ್ನಡದಲ್ಲಿ ವಿಜ್ಞಾನ ಬರೆಯುವವರ ಮೇಲೆ ಸಿಟ್ಟು. ಪತ್ರಿಕೆಯೊಂದಕ್ಕೆ ನಾನು ಉರಿಯೂತದ ಬಗ್ಗೆ ಒಂದು ಲೇಖನ ಕಳಿಸಿದ್ದೆ. ಅದರಲ್ಲಿ ಎಲ್ಲೂ ಸೈನಿಕ ಎಂಬ ಪದ ಇರಲಿಲ್ಲ, ಹುಷಾರಾಗಿ ತಪ್ಪಿಸಿದ್ದೆ. ಅಚ್ಚಾಗಿ ಬಂದಾಗ ಶೀರ್ಷಿಕೆ ‘ದೇಹದ ಯೋಧರು ದಂಗೆ ಎದ್ದಾಗ’ ಎಂದಾಗಿತ್ತು. ಪಕ್ಕದಲ್ಲಿ ಕತ್ತಿ ಹಿಡಿದ ಒಂದು ದುಂಡನೆಯ ಬಿಳಿ ಗೊಂಬೆ.

2020ರಲ್ಲಿ ಈ ಸೈನ್ಯಕ್ಕೆ ಮಾರುಕಟ್ಟೆಯೂ ಸಿಕ್ಕಿತು. ಅಮೃತಬಳ್ಳಿ, ಅಶ್ವಗಂಧ, ಝಿಂಕ್ ಮಾತ್ರೆ, ಅರಿಶಿನದ ಹಾಲಿನ ಬಾಟಲಿ, ಎಲ್ಲದರ ಮೇಲೂ ‘ಇಮ್ಯೂನಿಟಿ’. ನಾವು ಬರೆದ ರೂಪಕವನ್ನೇ ಅವರು ಬಾಟಲಿಗೆ ತುಂಬಿ ಮಾರಿದರು. ಶಕ್ತಿಯನ್ನು ಹೆಚ್ಚಿಸಬಹುದು ಎಂದು ಮೊದಲು ಹೇಳಿದ್ದು ನಾವೇ ತಾನೇ?

‘ಅಯ್ಯೋ, ಒಂದು ರೂಪಕ ತಾನೇ, ಜನಕ್ಕೆ ಅರ್ಥವಾಗಲಿ ಅಂತ’ ಎಂಬ ಉತ್ತರ ಗೊತ್ತಿರುವುದೇ. ಸಾಹಿತ್ಯ ಓದುವವರು ಈ ಮಾತು ಆಡಿದಾಗ ನನಗೆ ಇನ್ನೂ ಆಶ್ಚರ್ಯವಾಗುತ್ತದೆ. ಕವಿತೆಯಲ್ಲಿ ಒಂದು ರೂಪಕ ಎಷ್ಟು ಕೆಲಸ ಮಾಡುತ್ತದೆ ಎಂದು ಗಂಟೆಗಟ್ಟಲೆ ಚರ್ಚಿಸುವವರಿಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ ಅನ್ನಿಸುವುದು ಹೇಗೆ? ಸೂಸನ್ ಸೊಂಟಾಗ್ 1978ರಲ್ಲೇ ಕಾಯಿಲೆ ಮತ್ತು ರೂಪಕದ ಬಗ್ಗೆ ಒಂದಿಡೀ ಪುಸ್ತಕ ಬರೆದರು. ನಾನು ಅಷ್ಟು ದೂರ ಹೋಗುವುದಿಲ್ಲ, ರೂಪಕವೇ ಬೇಡ ಅನ್ನುವುದಿಲ್ಲ. ಈ ರೂಪಕ ಸುಳ್ಳು, ಎಲ್ಲಿ ಸುಳ್ಳಾಗುತ್ತದೆ ಎಂದು ತೋರಿಸಬಲ್ಲೆ ಅನ್ನುತ್ತೇನೆ. ಅದಕ್ಕೆ ಕೊರೋನಾ ಬೇಡ, ಯಾವ ರೋಗಾಣುವೂ ಬೇಡ. ಒಂದು ಬೈಕ್ ಅಪಘಾತ ಸಾಕು.

ನಮ್ಮ ನೆಂಟರ ಹುಡುಗನೊಬ್ಬ, ಇಪ್ಪತ್ತನಾಲ್ಕು ವಯಸ್ಸು, ರಾತ್ರಿ ಊರಿಗೆ ಬರುವಾಗ ದೀಪವಿಲ್ಲದೆ ನಿಂತಿದ್ದ ಟ್ರ್ಯಾಕ್ಟರಿನ ಟ್ರೈಲರಿಗೆ ಗುದ್ದಿದ. ತೊಡೆಮೂಳೆ ಮುರಿಯಿತು, ಸೊಂಟದ ಮೂಳೆಯೂ ಒಡೆಯಿತು. ಎದೆಗೆ ಏಟಾಗಿರಲಿಲ್ಲ. ಆಸ್ಪತ್ರೆಗೆ ಬಂದಾಗ ಮಾತಾಡುತ್ತಿದ್ದ, ಬೈಕಿಗೆ ಏನಾಯಿತು ಎಂದು ಕೇಳಿದನಂತೆ. ರಕ್ತ ಕೊಟ್ಟರು, ಹೊರಗಿನಿಂದ ಕಂಬಿ ಕಟ್ಟಿ ಮೂಳೆಯನ್ನು ಹಿಡಿದಿಟ್ಟರು. ಎರಡನೆಯ ದಿನ ಉಸಿರು ಜೋರಾಯಿತು. ಮೂರನೆಯ ದಿನ ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶ ಬೆಳ್ಳಗೆ, ಮಂಜು ಕವಿದ ಹಾಗೆ. ವೆಂಟಿಲೇಟರ್ ಹಾಕಿದರು. ಅವನ ತಾಯಿ, ನನಗೆ ಅತ್ತೆಯಾಗಬೇಕು, ಫೋನಿನಲ್ಲಿ ಕೇಳಿದ್ದು ಇಷ್ಟೇ: ‘ಅಲ್ಲ ಕಣವ್ವ, ಮುರ್ದಿರೋದು ಕಾಲು. ಬಾಯಿಗ್ಯಾಕವ್ವ ಪೈಪು ಹಾಕವ್ರೆ?’

ಅತ್ತೆ ಓದಿದ್ದು ನಾಲ್ಕನೇ ಕ್ಲಾಸು. ಈ ವಿಷಯದ ಬಗ್ಗೆ ಕೇಳಬಹುದಾದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ವೈದ್ಯಲೋಕಕ್ಕೂ ಅದು ಬಹುಕಾಲ ಒಗಟಾಗಿಯೇ ಇತ್ತು. ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡ ಅಮೆರಿಕದ ಸೈನಿಕರನ್ನು ಹೆಲಿಕಾಪ್ಟರಿನಲ್ಲಿ ಬೇಗ ಆಸ್ಪತ್ರೆಗೆ ಸಾಗಿಸಿ, ರಕ್ತ ಮತ್ತು ದ್ರವ ಕೊಟ್ಟು ಬದುಕಿಸಲು ಸಾಧ್ಯವಾದಾಗ, ಹಿಂದೆ ಅಲ್ಲೇ ಸಾಯುತ್ತಿದ್ದವರು ಬದುಕಿ ಎರಡು ಮೂರು ದಿನದ ಮೇಲೆ ಉಸಿರಾಡಲಾರದೆ ಒದ್ದಾಡತೊಡಗಿದರು. ಕೈಗೋ ಕಾಲಿಗೋ ಹೊಟ್ಟೆಗೋ ಪೆಟ್ಟು ತಿಂದವರ ಶ್ವಾಸಕೋಶಗಳಲ್ಲಿ ನೀರು. ಅಲ್ಲಿನ ವೈದ್ಯರು ಅದನ್ನು ‘ಡಾ ನಾಂಗ್ ಲಂಗ್’ ಎಂದು, ‘ಶಾಕ್ ಲಂಗ್’ ಎಂದು ಕರೆದರು. 1967ರಲ್ಲಿ ಆಶ್‌ಬಾ, ಪೆಟಿ ಮತ್ತು ಸಂಗಡಿಗರು ‘ಲಾನ್ಸೆಟ್’ ಪತ್ರಿಕೆಯಲ್ಲಿ 12 ರೋಗಿಗಳ ವಿವರ ಪ್ರಕಟಿಸಿದರು. ಒಬ್ಬೊಬ್ಬರ ಮೂಲ ತೊಂದರೆ ಒಂದೊಂದು, ಹಲವರು ಅಪಘಾತಕ್ಕೆ ಸಿಕ್ಕವರು, ಆದರೆ ಶ್ವಾಸಕೋಶ ಕೆಟ್ಟ ರೀತಿ ಒಂದೇ. ಇವತ್ತು ನಾವು ಎಆರ್‌ಡಿಎಸ್ ಅನ್ನುವುದು ಅದನ್ನೇ.

ಶತ್ರುವೇ ಇಲ್ಲದ ಕಡೆ ಸೈನ್ಯ ಯಾಕೆ ಹೋಯಿತು? ಸೈನ್ಯದ ಕತೆ ಹೇಳುವವರು ಇಲ್ಲಿ ಬಾಯಿ ಕಟ್ಟಿ ನಿಲ್ಲುತ್ತಾರೆ.

ಉತ್ತರಕ್ಕೆ ಮೂಳೆ ಮುರಿದ ಜಾಗಕ್ಕೇ ಹೋಗಬೇಕು. ತೊಡೆಮೂಳೆ ಮುರಿದಾಗ ಸುತ್ತಲಿನ ಮಾಂಸಖಂಡ ಜಜ್ಜಿಹೋಗುತ್ತದೆ, ಮೂಳೆಮಜ್ಜೆ ಚೆಲ್ಲುತ್ತದೆ, ಲೆಕ್ಕವಿಲ್ಲದಷ್ಟು ಜೀವಕೋಶಗಳು ಒಡೆಯುತ್ತವೆ. ಒಳಗಿರಬೇಕಾದ ಸಾಮಾನೆಲ್ಲ ರಕ್ತಕ್ಕೆ ಬೀಳುತ್ತದೆ. ಅದರಲ್ಲಿ ಮೈಟೊಕಾಂಡ್ರಿಯಗಳೂ ಇವೆ, ಜೀವಕೋಶಕ್ಕೆ ಬೇಕಾದ ಚೈತನ್ಯ ತಯಾರಿಸುವ ಪುಟ್ಟ ಭಾಗಗಳು. ಇವುಗಳಿಗೊಂದು ವಂಶಾವಳಿ ಇದೆ. ಆ ಲಾನ್ಸೆಟ್ ಲೇಖನ ಬಂದ 1967ರಲ್ಲೇ, ಅದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲದ ಇನ್ನೊಂದು ಪತ್ರಿಕೆಯಲ್ಲಿ, ಲಿನ್ ಮಾರ್ಗುಲಿಸ್ ಎಂಬ ಯುವ ವಿಜ್ಞಾನಿ, ಆಗ ಲಿನ್ ಸೇಗನ್ ಎಂಬ ಹೆಸರಿನಲ್ಲಿ, ಹಲವು ಪತ್ರಿಕೆಗಳು ತಿರಸ್ಕರಿಸಿದ್ದ ತಮ್ಮ ವಾದವನ್ನು ಪ್ರಕಟಿಸಿದ್ದರು. ಮೈಟೊಕಾಂಡ್ರಿಯಗಳು ಒಂದು ಕಾಲಕ್ಕೆ ಸ್ವತಂತ್ರ ಬ್ಯಾಕ್ಟೀರಿಯಗಳಾಗಿದ್ದವು, ಬೇರೊಂದು ಜೀವಕೋಶದೊಳಗೆ ಸೇರಿ ಅಲ್ಲೇ ನೆಲೆಯೂರಿದವು ಎಂಬ ವಾದ. ಈಗ ಅದು ಪಠ್ಯಪುಸ್ತಕದ ಮಾತು. ಕೋಟಿ ಕೋಟಿ ವರ್ಷ ನಮ್ಮೊಳಗಿದ್ದರೂ ಅವುಗಳ ಡಿಎನ್‌ಎ ಇನ್ನೂ ಬ್ಯಾಕ್ಟೀರಿಯದ ಡಿಎನ್‌ಎಯಂತೆ ಉಂಗುರಾಕಾರ, ಅವು ಪ್ರೋಟೀನು ಕಟ್ಟಲು ಶುರುಮಾಡುವ ರೀತಿಯೂ ಬ್ಯಾಕ್ಟೀರಿಯದ್ದೇ.

ಈ ಎರಡು ದಾರಿ ಕೂಡಿದ್ದು 2010ರಲ್ಲಿ. ಕಾರ್ಲ್ ಹೌಸರ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದು ಇದು: ತೀವ್ರವಾಗಿ ಗಾಯಗೊಂಡವರ ರಕ್ತದಲ್ಲಿ ಮೈಟೊಕಾಂಡ್ರಿಯಗಳ ಡಿಎನ್‌ಎ ಭಾರೀ ಪ್ರಮಾಣದಲ್ಲಿ ತೇಲುತ್ತಿರುತ್ತದೆ. ನ್ಯೂಟ್ರೋಫಿಲ್‌ಗಳು, ಅಂದರೆ ಬಿಳಿ ರಕ್ತಕಣಗಳಲ್ಲಿ ಅತಿ ಹೆಚ್ಚು ಸಂಖ್ಯೆಯವು, ಯಾವ ಗ್ರಾಹಕಗಳಿಂದ ಬ್ಯಾಕ್ಟೀರಿಯವನ್ನು ಗುರುತು ಹಿಡಿಯುತ್ತವೋ ಅವುಗಳಿಂದಲೇ ಈ ಚೂರುಗಳನ್ನೂ ಗುರುತು ಹಿಡಿದು ಎಚ್ಚರಗೊಳ್ಳುತ್ತವೆ. ಒಡೆದ ಮೈಟೊಕಾಂಡ್ರಿಯಗಳ ಅಂಶವನ್ನು ಇಲಿಗಳ ರಕ್ತಕ್ಕೆ ಬಿಟ್ಟಾಗ ಅವುಗಳ ಶ್ವಾಸಕೋಶದಲ್ಲಿ ಉರಿಯೂತ ಕಾಣಿಸಿಕೊಂಡಿತು. ಹೊರಗಿನಿಂದ ಒಂದು ರೋಗಾಣುವೂ ಬಂದಿರಲಿಲ್ಲ. ಸದ್ದು ಮಾಡಿದ್ದು ಮನೆಯೊಳಗಿನ ಹಳೆಯ ಒಕ್ಕಲು.

ಹಾಗಾದರೆ ಏಟು ಬಿದ್ದದ್ದು ತೊಡೆಗಾದರೂ ಕೆಡುವುದು ಶ್ವಾಸಕೋಶ ಯಾಕೆ? ಅದು ಇರುವ ಜಾಗದ ಕಾರಣಕ್ಕೆ. ಮೈಯಿಂದ ವಾಪಸು ಬಂದ ರಕ್ತವೆಲ್ಲ, ನಿಮಿಷಕ್ಕೆ ಸುಮಾರು 5 ಲೀಟರು, ಹೃದಯದ ಬಲಭಾಗದಿಂದ ನೇರ ಶ್ವಾಸಕೋಶಕ್ಕೆ ಹೋಗಬೇಕು. ಬೇರೆ ದಾರಿಯಿಲ್ಲ. ಅಲ್ಲಿ ಕೋಟಿಗಟ್ಟಲೆ ಗಾಳಿಚೀಲಗಳು, ಅವುಗಳ ಸುತ್ತ ಬಲೆಯ ಹಾಗೆ ಲೋಮನಾಳಗಳು, ನಡುವಿನ ಗೋಡೆ ಒಂದು ಮೈಕ್ರಾನಿಗಿಂತ ತೆಳು. ಆ ಲೋಮನಾಳಗಳು ಅನೇಕ ಕಡೆ ನ್ಯೂಟ್ರೋಫಿಲ್‌ನ ಗಾತ್ರಕ್ಕಿಂತ ಕಿರಿದು. ಮಾಮೂಲಿ ದಿನಗಳಲ್ಲಿ ನ್ಯೂಟ್ರೋಫಿಲ್ ಮೈ ಸಣ್ಣ ಮಾಡಿಕೊಂಡು, ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ನುಸುಳುವ ಹಾಗೆ ನುಸುಳಿ ಆಚೆ ಹೋಗುತ್ತದೆ. ಎಚ್ಚರಗೊಂಡ ನ್ಯೂಟ್ರೋಫಿಲ್ ಬಿಗಿಯಾಗುತ್ತದೆ, ಅಂಟಂಟಾಗುತ್ತದೆ. ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡಲ್ಲೇ ತನ್ನೊಳಗಿನ ಜೀರ್ಣಕ ಕಿಣ್ವಗಳನ್ನು, ಉತ್ಕರ್ಷಕ ರಾಸಾಯನಿಕಗಳನ್ನು ಸುರಿಯುತ್ತದೆ. ಒಮ್ಮೊಮ್ಮೆ ತನ್ನ ಡಿಎನ್‌ಎಯನ್ನೇ ಬಲೆಯ ಹಾಗೆ ಹೊರಗೆಸೆಯುತ್ತದೆ. ಈ ಬಲೆಯನ್ನು ಬರ್ಲಿನ್ನಿನ ಪ್ರಯೋಗಾಲಯವೊಂದು 2004ರಲ್ಲಿ ಮೊದಲ ಸಲ ವಿವರಿಸಿತು. ಎಲ್ಲವೂ ಬ್ಯಾಕ್ಟೀರಿಯಕ್ಕೆಂದು ಇರುವ ಸಲಕರಣೆ. ಎದುರಿಗಿರುವುದು ಒಂದು ಮೈಕ್ರಾನ್ ದಪ್ಪವೂ ಇಲ್ಲದ ಗೋಡೆ. ಗೋಡೆ ಸೋರುತ್ತದೆ, ರಕ್ತದ ನೀರು ಮತ್ತು ಪ್ರೋಟೀನು ಗಾಳಿಚೀಲಕ್ಕೆ ಇಳಿಯುತ್ತದೆ, ಗಾಳಿಯಿರಬೇಕಾದ ಜಾಗದಲ್ಲಿ ದ್ರವ ನಿಲ್ಲುತ್ತದೆ. ಎಕ್ಸ್‌ರೇಯ ಬಿಳುಪು ಅದೇ. ಮಜ್ಜೆಯ ಕೊಬ್ಬಿನ ಹನಿಗಳು, ಬಾಟಲಿಗಟ್ಟಲೆ ಕೊಟ್ಟ ರಕ್ತ, ಎದೆಗೇ ಪೆಟ್ಟು ಬಿದ್ದಿದ್ದರೆ ಆ ಪೆಟ್ಟು, ಇವೂ ಸೇರಿಕೊಳ್ಳುತ್ತವೆ. ಕಾರಣ ಒಂದೇ ಎಂದು ನಾನು ಹೇಳುತ್ತಿಲ್ಲ.

ಇದೇ ಪ್ರಶ್ನೆಗೆ ಅತ್ತೆಗೆ ಐಸಿಯು ಬಾಗಿಲಲ್ಲಿ ಸಿಕ್ಕ ಉತ್ತರ ಒಂದೇ ವಾಕ್ಯ. ‘ಲಂಗ್ಸಿಗೆ ಇನ್ಫೆಕ್ಷನ್ ಆಗಿದೆಯಮ್ಮ, ಇಮ್ಯೂನಿಟಿ ಸ್ವಲ್ಪ ಕಮ್ಮಿ ಇದೆ, ನೋಡೋಣ.’

ಹೇಳಿದವರು ಮೂವತ್ತಾರು ಗಂಟೆ ನಿದ್ದೆಗೆಟ್ಟ ಕಿರಿಯ ವೈದ್ಯರಿರಬಹುದು. ವೆಂಟಿಲೇಟರಿನಲ್ಲಿ ದಿನ ಕಳೆದ ಹಾಗೆ ನಿಜಕ್ಕೂ ಸೋಂಕು ತಗಲುವುದುಂಟು, ಆದ್ದರಿಂದ ಆ ಉತ್ತರ ಎಲ್ಲ ಸಲವೂ ಸುಳ್ಳೆಂದು ಹೇಳಲಾರೆ. ಆದರೆ ಆ ಎರಡು ಪದ ಕಾರಿಡಾರಿನಲ್ಲಿ ಏನು ಮಾಡಿದವು ಅನ್ನುವುದನ್ನು ಕೇಳಿ. ‘ಇನ್ಫೆಕ್ಷನ್’ ಎಂಬುದು ನೇರ ನರ್ಸುಗಳ ಮೇಲೆ ಬಿತ್ತು. ಸೋಂಕು ಆಗಿದೆ ಅಂದರೆ ಯಾರೋ ಕೈ ತೊಳೆದಿಲ್ಲ, ಯಾರೋ ಕೊಳಕು ಸೂಜಿ ಚುಚ್ಚಿದ್ದಾರೆ. ಹುಡುಗನ ದೊಡ್ಡಪ್ಪ ಊರಿನಿಂದ ನಾಲ್ಕು ಜನರನ್ನು ಕರೆಸಿದರು, ಜಗಳ ಕೈಕೈ ಮಿಲಾಯಿಸುವ ತನಕ ಹೋಯಿತು. ‘ಇಮ್ಯೂನಿಟಿ ಕಮ್ಮಿ’ ಎಂಬುದು ಅತ್ತೆಯ ಮೇಲೆ ಬಿತ್ತು. ಶಕ್ತಿ ಕಡಿಮೆ ಅಂದರೆ ತಿನ್ನಿಸಿದ್ದು ಸಾಲದು. ಹುಡುಗ ಹಾಸ್ಟೆಲಿನಲ್ಲಿದ್ದಾಗ ಮುದ್ದೆ ತಿನ್ನದೆ ಪಫ್ಸು ತಿನ್ನುತ್ತಿದ್ದದ್ದು, ಚಿಕ್ಕವನಿದ್ದಾಗ ಅಮ್ಮ ಆದದ್ದು, ಎಲ್ಲ ಲೆಕ್ಕಕ್ಕೆ ಬಂತು. ಯಾರೋ ಕಷಾಯದ ಬಾಟಲಿ ತಂದು, ವೆಂಟಿಲೇಟರಿನಲ್ಲಿರುವವನ ಮೂಗಿನ ನಳಿಕೆಗೆ ಬಿಡಿ ಎಂದು ಆಯಾಗೆ ದುಡ್ಡು ಕೊಡಲು ಹೋದರು.

ಇನ್ನೊಂದು ಅನುಮಾನ ಇವೆರಡಕ್ಕಿಂತ ಗಟ್ಟಿಯಾಗಿತ್ತು. ಒಂದೇ ಸಲ ಆಪರೇಷನ್ ಮಾಡಿ ಮುಗಿಸದೆ, ಈಗ ಹೊರಗೆ ಕಂಬಿ ಕಟ್ಟಿ, ಆಮೇಲೆ ಒಳಗೆ ರಾಡು ಹಾಕುತ್ತೇವೆ ಅನ್ನುವುದು ಬಿಲ್ ಹೆಚ್ಚಿಸಲಿಕ್ಕೆ ಎಂದು ಎಲ್ಲರೂ ನಂಬಿದ್ದರು. ವಿಷಯ ಪೂರ್ತಿ ಉಲ್ಟಾ. ಮಜ್ಜೆಯ ಕೊಳವೆಯನ್ನು ಕೊರೆದು ರಾಡು ಇಳಿಸುವುದು ಮೈಗೆ ಇನ್ನೊಂದು ದೊಡ್ಡ ಪೆಟ್ಟು. ಗಾಯಾಳು ಸ್ಥಿರವಾಗಿದ್ದರೆ ಅದನ್ನು ಬೇಗ ಮಾಡುವುದೇ ಶ್ವಾಸಕೋಶಕ್ಕೆ ಒಳ್ಳೆಯದು. ಆದರೆ ಸ್ಥಿರವಾಗಿಲ್ಲದವರಲ್ಲಿ ನ್ಯೂಟ್ರೋಫಿಲ್‌ಗಳು ಆಗಲೇ ಎಚ್ಚರಗೊಂಡಿರುವಾಗ ಎರಡನೇ ಪೆಟ್ಟು ಕೊಟ್ಟರೆ ಶ್ವಾಸಕೋಶ ಕೈಕೊಡಬಹುದು. ಅದಕ್ಕೇ ತಾತ್ಕಾಲಿಕವಾಗಿ ಕಂಬಿ ಕಟ್ಟಿ ಕಾಯುತ್ತಾರೆ. ಇಮ್ಯೂನ್ ವ್ಯವಸ್ಥೆಯ ಬಗೆಗಿನ ತಿಳಿವಳಿಕೆ ಶಸ್ತ್ರಚಿಕಿತ್ಸೆಯ ಕೋಣೆಗೆ ತಂದ ಬದಲಾವಣೆಗಳಲ್ಲಿ ಇದು ಅತ್ಯಂತ ವಿವೇಕದ್ದು. ಅದನ್ನು ವಿವರಿಸಲು ಕನ್ನಡದಲ್ಲಿ ಯಾರ ಬಳಿಯೂ ಎರಡು ವಾಕ್ಯ ಇರಲಿಲ್ಲ.

2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ ಎನ್ನುತ್ತದೆ ಕೇಂದ್ರ ಸರ್ಕಾರದ ವರದಿ. ಅದರಲ್ಲಿ ಶೇ. 44ರಷ್ಟು ಬೈಕು, ಸ್ಕೂಟರುಗಳ ಮೇಲಿದ್ದವರು. ಐಸಿಯು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತವರನ್ನು ಯಾವ ವರದಿಯೂ ಎಣಿಸುವುದಿಲ್ಲ.

ಸೈನ್ಯದ ರೂಪಕವನ್ನು ಬಿಡಲಾರದವರು ಕೊರೋನಾ ಕಾಲದಿಂದ ಒಂದು ತಿದ್ದುಪಡಿ ಕಂಡುಕೊಂಡಿದ್ದಾರೆ: ಸೈನ್ಯವೇ ದಂಗೆ ಎದ್ದಿತು, ಕಾಯುವವನೇ ಕೊಲ್ಲಲು ಬಂದ. ನನ್ನ ಲೇಖನಕ್ಕೆ ಅಂಟಿಸಿದ ಶೀರ್ಷಿಕೆ ಇದೇ ಜಾತಿಯದು. ಇದು ಹಳೆಯದಕ್ಕಿಂತ ಹೆಚ್ಚು ಹಾಳು, ಯಾಕೆಂದರೆ ಅರ್ಧ ಸರಿ ಅನ್ನಿಸುತ್ತದೆ. ದಂಗೆ ಅಂದ ಕೂಡಲೇ ಅದನ್ನು ಅಡಗಿಸಬೇಕು ಎಂಬುದೂ ಬಂತು. ಅಡಗಿಸಿ ನೋಡಿದ್ದೂ ಆಯಿತು. ತಲೆಗೆ ಪೆಟ್ಟಾದವರಿಗೆ ಮಿದುಳಿನ ಊತ ಇಳಿಯಲಿ ಎಂದು ದಶಕಗಟ್ಟಲೆ ಸ್ಟಿರಾಯ್ಡ್ ಕೊಡುತ್ತಿದ್ದರು. 2004ರಲ್ಲಿ 10,008 ಗಾಯಾಳುಗಳ ‘ಕ್ರ್ಯಾಶ್’ ಪ್ರಯೋಗದ ಫಲಿತಾಂಶ ಬಂದಾಗ ಎರಡು ವಾರದೊಳಗೆ ಸತ್ತವರು ಸ್ಟಿರಾಯ್ಡ್ ಪಡೆದವರಲ್ಲಿ ಶೇ. 21.1, ಪಡೆಯದವರಲ್ಲಿ ಶೇ. 17.9. ಒಳ್ಳೆಯದಾಗಲಿ ಎಂದು ಕೊಟ್ಟ ಮದ್ದಿನಿಂದ ಸಾವು ಹೆಚ್ಚಿತ್ತು. ಅದೇ ಬಗೆಯ ಮದ್ದು ಬೇರೆ ಕಡೆ ಜೀವ ಉಳಿಸಿತು. 2020ರಲ್ಲಿ ಬ್ರಿಟನ್ನಿನ ‘ರಿಕವರಿ’ ಪ್ರಯೋಗದಲ್ಲಿ ವೆಂಟಿಲೇಟರಿನಲ್ಲಿದ್ದ ಕೊರೋನಾ ರೋಗಿಗಳ ಸಾವು ಡೆಕ್ಸಾಮೆಥಸೋನ್‌ನಿಂದ ಶೇ. 41.4ರಿಂದ ಶೇ. 29.3ಕ್ಕೆ ಇಳಿಯಿತು. ಆಮ್ಲಜನಕವೇ ಬೇಕಾಗಿರದವರಲ್ಲಿ ಏನೂ ಉಪಯೋಗವಾಗಲಿಲ್ಲ. ಹೆಚ್ಚು, ಕಡಿಮೆ ಎಂಬ ಅಳತೆಗೋಲು ಹಿಡಿದು ಇದನ್ನು ಅರ್ಥಮಾಡಿಕೊಳ್ಳಿ ನೋಡೋಣ. ಯಾರ ಮೈಯಲ್ಲಿ, ಯಾವ ಅಂಗದಲ್ಲಿ, ಎಷ್ಟನೇ ದಿನ ಎಂದು ಕೇಳದೆ ಇಲ್ಲಿ ಒಂದು ಹೆಜ್ಜೆಯೂ ಇಡಲಾಗದು.

ದಂಗೆಯ ಕತೆಯಲ್ಲಿ ಇನ್ನೊಂದು ತೂತಿದೆ. ಮೊದಲು ಸೈನ್ಯ ಉಗ್ರವಾಗುತ್ತದೆ, ಆಮೇಲೆ ದಣಿದು ಬೀಳುತ್ತದೆ ಎಂದು ಬಹಳ ಕಾಲ ಹೇಳುತ್ತಿದ್ದರು. 2011ರಲ್ಲಿ ತೀವ್ರವಾಗಿ ಗಾಯಗೊಂಡವರ ಬಿಳಿ ರಕ್ತಕಣಗಳ ಜೀನುಗಳನ್ನು ಅಮೆರಿಕದಲ್ಲಿ ಮತ್ತೆ ಮತ್ತೆ ಅಳೆದು ನೋಡಿದ ಅಧ್ಯಯನವೊಂದು ಬಂತು. ಶೇ. 80ಕ್ಕೂ ಹೆಚ್ಚು ಜೀನುಗಳ ಚಟುವಟಿಕೆ ಬದಲಾಗಿತ್ತು. ಕೆರಳಿಸುವ ಜೀನುಗಳು ಏರಿದ ಹೊತ್ತಿಗೇ ಶಮನ ಮಾಡುವವೂ ಏರಿದ್ದವು, ಮತ್ತೆ ಕೆಲವು ಅದೇ ಹೊತ್ತಿಗೆ ಇಳಿದಿದ್ದವು. ಒಂದೇ ಗಳಿಗೆಯಲ್ಲಿ ಕತ್ತಿ ಎತ್ತುವ, ಕತ್ತಿ ಇಳಿಸುವ, ಅಡುಗೆಗೆ ಒಲೆ ಹೂಡುವ ಸೈನಿಕನನ್ನು ಯಾವ ಚಿತ್ರಕಾರ ಬಿಡಿಸುತ್ತಾನೆ?

ಹಾಗಿದ್ದರೆ ಈ ಕಾಯಿಲೆಯಲ್ಲಿ ನಿಜಕ್ಕೂ ಜೀವ ಉಳಿಸಿದ್ದು ಯಾವುದು ಎಂದರೆ, ಗಾಳಿಯನ್ನು ಮೆಲ್ಲಗೆ ತುಂಬುವುದು. 2000ದಲ್ಲಿ ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದ ಪ್ರಯೋಗ. ವೆಂಟಿಲೇಟರಿನಿಂದ ಪ್ರತಿ ಉಸಿರಿಗೆ ಕಿಲೋಗೆ 12 ಮಿಲಿಲೀಟರು ಗಾಳಿ ಕೊಡುವ ಬದಲು 6 ಮಿಲಿಲೀಟರು ಕೊಟ್ಟರು. ಎಷ್ಟೆತ್ತರದ ಮನುಷ್ಯನಿಗೆ ಎಷ್ಟು ತೂಕವಿರಬೇಕೋ ಆ ಕಿಲೋ ಲೆಕ್ಕ. ಸಾವು ಶೇ. 39.8ರಿಂದ ಶೇ. 31ಕ್ಕೆ ಇಳಿಯಿತು. ರಕ್ತದಲ್ಲಿನ ಉರಿಯೂತದ ಸೂಚಕವೂ ಇಳಿಯಿತು. ಮೊದಲೇ ಸೋತ ಗಾಳಿಚೀಲಗಳನ್ನು ಜೋರಾಗಿ ಊದಿ ಹಿಗ್ಗಿಸುವುದೇ ಅವುಗಳಿಗೆ ಹೊಸ ಗಾಯವಾಗುತ್ತಿತ್ತು, ಆ ಗಾಯ ಇನ್ನಷ್ಟು ಉರಿ ಎಬ್ಬಿಸುತ್ತಿತ್ತು. ಇಡೀ ಇಮ್ಯೂನಾಲಜಿ ಹುಡುಕಿದರೂ ಗಾಯದ ನಂತರದ ಈ ಶ್ವಾಸಕೋಶ ವೈಫಲ್ಯಕ್ಕೆಂದೇ ಖಚಿತವಾದ ಮದ್ದು ಇವತ್ತಿಗೂ ಇಲ್ಲ. ಇರುವುದು ಹೀಗೆ ಮೆಲ್ಲಗೆ ಊದುವುದು, ಬೋರಲು ಮಲಗಿಸುವುದು, ದ್ರವವನ್ನು ಅಳತೆ ಮಾಡಿ ಕೊಡುವುದು, ಕಾಯುವುದು. ಯುದ್ಧ ಗೆಲ್ಲುವ ಕೆಲಸಕ್ಕಿಂತ ಬಾಣಂತಿಯನ್ನು ನೋಡಿಕೊಳ್ಳುವ ಕೆಲಸವೇ ಇದಕ್ಕೆ ಹತ್ತಿರ.

ಸೈನ್ಯದ ಕಲ್ಪನೆ ವಿಜ್ಞಾನದ ಹುಟ್ಟಿನಲ್ಲೇ ಇತ್ತು ಎಂದು ವಾದಿಸುವವರಿದ್ದಾರೆ. ಹುಟ್ಟನ್ನೇ ನೋಡೋಣ. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಯೊಂದಕ್ಕೆ ಮುಳ್ಳು ಚುಚ್ಚಿ ರಾತ್ರಿಯಿಡೀ ಕಾದರು. ಬೆಳಿಗ್ಗೆ ಮುಳ್ಳಿನ ಸುತ್ತ ಕೋಶಗಳು ಗುಂಪುಗೂಡಿದ್ದವು. 1908ರ ನೊಬೆಲ್‌ವರೆಗೆ ಅವರನ್ನು ಕೊಂಡೊಯ್ದ ದಾರಿ ಶುರುವಾದದ್ದು ಅಲ್ಲಿ. ಆ ಪ್ರಯೋಗದಲ್ಲಿ ರೋಗ ಇರಲಿಲ್ಲ, ಒಂದು ಮುಳ್ಳು, ಒಂದು ಗಾಯ, ಅಷ್ಟೇ. ಮೆಚ್ನಿಕಾಫ್ ಮುಂದೆ ತಾವೇ ಯುದ್ಧದ ಭಾಷೆ ಬಳಸಿದರು, ನಿಜ. ಅವರ ಕಣ್ಣು ನೋಡಿದ್ದು ಗಾಯಕ್ಕೆ ಮೈ ತೋರಿದ ಪ್ರತಿಕ್ರಿಯೆಯನ್ನು. ನೂರು ವರ್ಷ ಕಳೆದ ಮೇಲೆ, 1994ರಲ್ಲಿ, ಪಾಲಿ ಮಾಟ್ಝಿಂಗರ್ ಅದನ್ನೇ ಸಿದ್ಧಾಂತವಾಗಿ ಮಂಡಿಸಿದರು: ಈ ವ್ಯವಸ್ಥೆ ಕೇಳುವ ಮೊದಲ ಪ್ರಶ್ನೆ ‘ನೀನು ನಮ್ಮವನೋ ಪರಕೀಯನೋ’ ಎಂಬುದಲ್ಲ, ‘ಇಲ್ಲಿ ಏನಾದರೂ ಹಾನಿಯಾಗಿದೆಯೇ’ ಎಂಬುದು. (ಭಾಷೆಯ ಬಗ್ಗೆ ಈಕೆಗೂ ಹಠವಿತ್ತು. 1978ರ ತಮ್ಮ ಸಂಶೋಧನಾ ಲೇಖನವನ್ನು ಕರ್ಮಣಿ ಪ್ರಯೋಗದಲ್ಲಿ ಬರೆಯಲು ಒಪ್ಪದೆ, ‘ನಾವು’ ಎಂದು ಬರೆಯಬೇಕಾಗಿ, ತಮ್ಮ ನಾಯಿಯ ಹೆಸರನ್ನು ಸಹಲೇಖಕಿಯಾಗಿ ಸೇರಿಸಿದರು. ನನ್ನ ಗೈಡ್ ಇದಕ್ಕೆ ಒಪ್ಪುವುದಿಲ್ಲ.)

ಇಂಗ್ಲಿಷಿನ ಪದವಾದರೂ ಶುದ್ಧವೇನಲ್ಲ. ‘ಇಮ್ಯೂನಿಟಿ’ಯ ಬೇರು ಲ್ಯಾಟಿನ್ನಿನ ‘ಇಮ್ಯೂನಿಸ್’. ಕಂದಾಯದಿಂದ, ಸಾರ್ವಜನಿಕ ಹೊಣೆಗಳಿಂದ ಬಿಡುಗಡೆ ಪಡೆದವನು ಎಂದು ಅದರ ಅರ್ಥ. ನಮ್ಮ ಶಾಸನಗಳ ‘ಸರ್ವಮಾನ್ಯ’ಕ್ಕೆ ತೀರಾ ಹತ್ತಿರ. ಒಮ್ಮೆ ಸಿಡುಬು ಬಂದು ಹೋದವನಿಗೆ ಮತ್ತೆ ಆ ತೆರಿಗೆಯಿಲ್ಲ ಎಂಬ ಅರ್ಥದಲ್ಲಿ ಅದು ಸೊಗಸಾದ ಪದ. ಅದರಲ್ಲಿ ಶಕ್ತಿಯೂ ಇಲ್ಲ, ಸೈನ್ಯವೂ ಇಲ್ಲ. ಅದನ್ನು ಕನ್ನಡಕ್ಕೆ ತರುವಾಗ ಶಕ್ತಿಯನ್ನು ಸೇರಿಸಿದ್ದು ನಾವು.

ಹಾಗೆಂದು ಹೊಸ ಸಂಸ್ಕೃತ ಪದ ಟಂಕಿಸಲು ಸಮಿತಿ ಮಾಡೋಣ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಬೇಡ. ನಮ್ಮಲ್ಲಿ ಆಗಲೇ ಒಂದು ಒಳ್ಳೆಯ ಪದವಿದೆ: ಉರಿಯೂತ. ಉರಿ ಮತ್ತು ಊತ. ರೋಮಿನ ಸೆಲ್ಸಸ್ ಎರಡು ಸಾವಿರ ವರ್ಷದ ಹಿಂದೆ ಪಟ್ಟಿ ಮಾಡಿದ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳಲ್ಲಿ ಎರಡನ್ನು ಅಚ್ಚುಕಟ್ಟಾಗಿ ಹಿಡಿದಿಟ್ಟಿದೆ. ಇಂಗ್ಲಿಷಿನ ಪದದಲ್ಲಿ ಬೆಂಕಿ ಮಾತ್ರ ಇದೆ, ಊತ ಇಲ್ಲ. ಶ್ವಾಸಕೋಶದಲ್ಲಿ ಜೀವ ತೆಗೆಯುವುದು ಆ ಊತವೇ, ಸೋರಿದ ನೀರು. ಇಷ್ಟು ಒಳ್ಳೆಯ ಪದವನ್ನು ನಾವು ವೈದ್ಯಕೀಯ ಪದಕೋಶದಲ್ಲಿ ಮಡಿಸಿಟ್ಟು, ಜನರ ಮುಂದೆ ಶಕ್ತಿ, ಸೈನ್ಯ, ದಂಗೆ ಎಂದು ಡಂಗುರ ಹೊಡೆಯುತ್ತಿದ್ದೇವೆ.

ಜನಕ್ಕೆ ಅರ್ಥವಾಗುವುದಿಲ್ಲ ಅನ್ನುವವರಿಗೆ: ನಾನು ಅತ್ತೆಗೆ ಫೋನಿನಲ್ಲಿ ಹೇಳಿದ್ದು ಹೀಗೆ. ‘ಅತ್ತೆ, ಕಾಲು ಜಜ್ಜಿದಾಗ ಒಳಗಿದ್ದದ್ದೆಲ್ಲ ರಕ್ತಕ್ಕೆ ಚೆಲ್ಲಿಕೊಳ್ತು. ಗಾಯ ಆದಾಗ ಬಂದು ಗುಡಿಸಿ ಸರಿ ಮಾಡೋ ಕಣಗಳು ಅದನ್ನ ನೋಡಿ ಎದ್ವು. ರಕ್ತ ಎಲ್ಲಾ ಎದೆ ದಾಟ್ಕೊಂಡೇ ಹೋಗ್ಬೇಕಲ್ಲ, ಅಲ್ಲಿ ಸಂದಿ ಸಣ್ಣದು, ಅಲ್ಲೇ ಸಿಕ್ಕಾಕ್ಕೊಂಡು ಉರಿ ಎಬ್ಬಿಸಿವೆ. ಅದಕ್ಕೇ ನೀರು ಸೋರ್ತಿದೆ. ಉರಿ ಆರೋ ತನಕ ಮಿಷನ್ನು ಉಸಿರಾಡ್ತದೆ. ಯಾರೂ ಏನೂ ತಪ್ಪು ಮಾಡಿಲ್ಲ, ಅವನಿಗೆ ಶಕ್ತಿ ಕಮ್ಮಿನೂ ಇಲ್ಲ.’ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, ‘ಮತ್ತೆ ಆ ಕಣಗಳನ್ನ ತೆಗ್ದಾಕ್ಬುಟ್ರೆ?’ ತೆಗೆದರೆ ಕಾಲಿನ ಗಾಯ ಮಾಗಲ್ಲ, ನಿಜವಾದ ಸೋಂಕು ಬಂದರೆ ತಡೆಯೋರೂ ಇಲ್ಲ ಎಂದೆ. ‘ಓ, ಅಂಗಾದ್ರೆ ಅವು ಬೇಕು’ ಅಂದರು. 1990ರ ದಶಕದಲ್ಲಿ ಉರಿಯೂತದ ಒಂದೊಂದೇ ಅಣುವನ್ನು ತಡೆದು ಸೆಪ್ಸಿಸ್ ಗುಣಪಡಿಸಲು ಹೊರಟು ಸೋತ ಕಂಪನಿಗಳು ಕೋಟಿಗಟ್ಟಲೆ ಸುರಿದು ಕಲಿತ ಪಾಠ ಅದು.

ಹುಡುಗ ಹತ್ತೊಂಬತ್ತು ದಿನದ ಮೇಲೆ ಐಸಿಯು ಬಿಟ್ಟು ಬಂದ. ಈಗ ನಡೆಯುತ್ತಾನೆ, ಏರು ಹತ್ತುವಾಗ ಏದುಸಿರು ಬರುತ್ತದೆ. ಆದರೆ ಕಾರಿಡಾರಿನ ಆ ಒಂದು ವಾಕ್ಯ ಅವನಿಗಿಂತ ಮೊದಲೇ ಊರು ಸೇರಿತ್ತು. ಹೋದ ಬೇಸಿಗೆಯಲ್ಲಿ ಹೆಣ್ಣು ನೋಡಲು ಹೋದಾಗ ಆ ಕಡೆಯವರು ಕೇಳಿದ್ದು ಅಪಘಾತದ ಬಗ್ಗೆ ಅಲ್ಲ, ಕಾಲಿನ ರಾಡಿನ ಬಗ್ಗೆಯೂ ಅಲ್ಲ. ‘ಹುಡುಗನಿಗೆ ಇಮ್ಯೂನಿಟಿ ಪವರ್ ಇಲ್ವಂತೆ, ಹೌದಾ?’

ಪಠ್ಯಪುಸ್ತಕಗಳು ಆಗಾಗ ಪರಿಷ್ಕರಣೆಯಾಗುತ್ತವೆ. ಯಾವ ಕವಿಯ ಪಾಠ ಇರಬೇಕು, ಯಾರದು ಹೋಗಬೇಕು ಎಂದು ಪ್ರತಿ ಸಲ ದೊಡ್ಡ ಗದ್ದಲವಾಗುತ್ತದೆ. ಆಗಲಿ, ಅದೂ ಬೇಕು. ವಿಜ್ಞಾನದ ಪುಸ್ತಕದಲ್ಲಿ ಇಮ್ಯೂನ್ ವ್ಯವಸ್ಥೆಯ ಭಾಗವನ್ನು ಮಾತ್ರ ಯಾರೂ ತೆರೆದು ನೋಡುವುದಿಲ್ಲ. ಅಲ್ಲಿ ಒಂದು ಪುಟ ಬೇಕು, ಕೋಟೆ ಕೊತ್ತಲ ಇಲ್ಲದೆ, ಮೆಚ್ನಿಕಾಫರ ಮುಳ್ಳಿನಿಂದ ಶುರುವಾಗುವ ಪುಟ. ಐಸಿಯು ಬಾಗಿಲಿಗೆ ಅಂಟಿಸಲು ಅರ್ಧ ಪುಟ ಸಾಕು. ಎರಡನ್ನೂ ನಾನೇ ಬರೆದುಕೊಡುತ್ತೇನೆ, ದುಡ್ಡು ಬೇಡ. ಶೀರ್ಷಿಕೆ ಮಾತ್ರ ಬದಲಾಯಿಸಕೂಡದು.